ರಜೆಯಲ್ಲದ ದಿನಗಳು

ಸೆಪ್ಟೆಂಬರ್ 8, ಸೋಮವಾರ

ವಿಜೇತಾ ಫೋನ್ ಮಾಡಿದ್ದಳು. ಅವಳ ಮಾಸಪತ್ರಿಕೆಯ ವರ್ಷಾಂತ್ಯದ ಸಂಚಿಕೆಗೆ ಒಂದು ಲೇಖನ ಬೇಕಂತೆ. ಈ ವರ್ಷ ನಾನು ಹೊಸದಾಗಿ ಕಂಡದ್ದು, ಕೇಳಿದ್ದು, ಓದಿ ಖುಷಿಪಟ್ಟದ್ದು, ಏನಾದರೂ ಆದೀತು. "ಹಸ್ನಕ್ಕ, ವಿಮರ್ಶೆ ಬೇಡ. ಸಂತೋಷ ಬರೀರಿ," ಅಂದಳು. ನವೆಂಬರ್ ಮುಗಿಯುವುದರೊಳಗೆ ಕೊಡುತ್ತೇನೆಂದು ಒಪ್ಪಿಕೊಂಡೆ.

ವಿಷಯಕ್ಕೆ ಕೊರತೆಯಿಲ್ಲ. ಜನವರಿಯಿಂದ ಓದಿದ್ದರಲ್ಲಿ ಮೂರು ಒಳ್ಳೆಯ ಕಾದಂಬರಿಗಳಿವೆ, ಮೂರೂ ಅನುವಾದ. ನಾನು ಓದುವುದು ಹೆಚ್ಚಾಗಿ ಅನುವಾದಗಳನ್ನೇ. ದೂರದ ಊರಿನ ಯಾರದೋ ಮನೆಯ ಮಾತು ಎರಡು ಕೈ ದಾಟಿ ನನ್ನ ಹತ್ತಿರ ಬರುತ್ತದೆ. ಬರುವಷ್ಟರಲ್ಲಿ ಅದರ ಗದ್ದಲ ಇಳಿದಿರುತ್ತದೆ.

ಗದ್ದಲ ಈಗ ಮನೆಯೊಳಗಿದೆ. ಇವರು ದಮ್ಮಾಮಿನಿಂದ ಬಂದು ವಾರ ದಾಟಿತು. ಈ ಸಲ ರಜೆಯಲ್ಲಿ ಬಂದದ್ದಲ್ಲ. ಕಂಪನಿಯವರು ಗೋಡೌನ್ ವಿಭಾಗವನ್ನೇ ಮುಚ್ಚಿದ್ದಾರೆ. ಮದುವೆಯಾದಲ್ಲಿಂದ ಇವರು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುವವರು. ಉಳಿದ ಕಾಲ ನಾನು ಬೆಳಿಗ್ಗೆ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡಿ, ಮಧ್ಯಾಹ್ನ ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಓದುತ್ತ, ಹಿಂದೆಲ್ಲ ಅಲ್ಲೇ ಕಥೆ ಬರೆಯುತ್ತ ಇದ್ದವಳು. ಮಗಳು ನಜ್ಲಾಳ ಮದುವೆಯಾದ ಮೇಲಂತೂ ಮನೆ ಪೂರ್ತಿ ನನ್ನದೇ ಆಗಿತ್ತು.

ಈಗ ಆ ಕುರ್ಚಿಯಲ್ಲಿ ಇವರು ಕೂರುತ್ತಾರೆ. ಬಿಜೈ ಬಸ್‌ಸ್ಟ್ಯಾಂಡಿಗೆ ಬರುವ ಬಸ್ಸುಗಳ ಬೋರ್ಡುಗಳನ್ನು ಜೋರಾಗಿ ಓದುತ್ತಾರೆ. ಶಿವಮೊಗ್ಗ. ಧರ್ಮಸ್ಥಳ. ಕಾಸರಗೋಡು.

ಸೆಪ್ಟೆಂಬರ್ 13, ಶನಿವಾರ

ಇವತ್ತೂ ನೆಂಟರು. ಮಾಡಿದ್ದು ನೈಪತ್ತಿರ್, ಕೋಳಿ, ಕಡಲೆಬೇಳೆ ಪಾಯಸ. ಇವರು ಬಂದಾಗೆಲ್ಲ ಹೊರಬರುವ ನೀಲಿ ಹೂವಿನ ತಟ್ಟೆಗಳು ಶೋಕೇಸಿನಿಂದ ಇಳಿದವು ಇನ್ನೂ ವಾಪಸು ಹೋಗಿಲ್ಲ. ತಿನ್ನುವುದಕ್ಕೆ ಮೊದಲೇ ಎಲ್ಲರೂ ಕೇಳುವುದು ಒಂದೇ.

"ಯಾವಾಗ ವಾಪಸ್?"

"ನೋಡುವ," ಅನ್ನುತ್ತಾರೆ ಇವರು.

ಇವರ ತಮ್ಮ ಆಶಿಕ್ ತಮಾಷೆಗೆ, "ಅಣ್ಣ ಈ ಸಲ ಅತ್ತಿಗೆಯ ಸ್ಟೂಡೆಂಟ್. ಪರೀಕ್ಷೆ ಪಾಸಾಗದೆ ಬಿಡುವುದಿಲ್ಲ," ಅಂದ. ಇವರು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಎಲ್ಲರೂ ಹೋದ ಮೇಲೆ ಪುಸ್ತಕ ತೆಗೆದೆ. ಇವರು ಎದುರು ಬಂದು ಕೂತರು.

"ಎಂತ ಓದುವುದು?"

"ಕಾದಂಬರಿ."

"ಎಂತ ಕಥೆ?"

"ಹಾಗೆ ಹೇಳಲಿಕ್ಕೆ ಆಗುವುದಿಲ್ಲ."

ಇವರು ಸ್ವಲ್ಪ ಹೊತ್ತು ಪುಸ್ತಕದ ಹಿಂಬದಿಯನ್ನು ನೋಡಿ, ಎದ್ದು ಟಿವಿ ಹಾಕಿದರು. ಶಬ್ದ ಕಡಿಮೆ ಇಟ್ಟಿದ್ದರು, ಅದನ್ನು ಹೇಳಬೇಕು. ಆದರೂ ನಾಲ್ಕು ಪುಟಕ್ಕಿಂತ ಹೆಚ್ಚು ಆಗಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಏನೂ ಓದಲಿಲ್ಲ. ಇಡೀ ದಿನ ಯಾರೋ ನನ್ನ ಭುಜದ ಮೇಲಿಂದ ಇಣುಕುತ್ತಿರುವ ಹಾಗೆ ಇತ್ತು. ಇವರು ಒಳ್ಳೆಯವರು. ಒಳ್ಳೆಯತನವೂ ಮನೆಯಲ್ಲಿ ಜಾಗ ಹಿಡಿಯುತ್ತದೆ.

ಶಕ್ತಿನಗರದ ಖಾಲಿದಾಕ ಫೋನ್ ಮಾಡಿದ್ದರಂತೆ. ಇವರ ಬಾಲ್ಯದ ಗೆಳೆಯ. ಮಸ್ಕತ್‌ನಲ್ಲಿ ಅವರಿಗೆ ಸೂಪರ್ ಮಾರ್ಕೆಟ್ ಇದೆ, ಗೋಡೌನ್ ನೋಡಿಕೊಳ್ಳಲು ನಂಬಿಗಸ್ತ ಜನ ಬೇಕಂತೆ. ಇವರು ಯೋಚಿಸಿ ಹೇಳುತ್ತೇನೆ ಅಂದರಂತೆ. ಇದನ್ನು ಹೇಳುವಾಗ ನನ್ನ ಮುಖ ನೋಡುತ್ತಿದ್ದರು.

"ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ," ಅಂದೆ.

ಒಪ್ಪಿಕೊಂಡರೆ ಡಿಸೆಂಬರಿನಲ್ಲಿ ಹೊರಡುವುದು. ಮನಸ್ಸಿಗೆ ಹಗುರವೆನಿಸಿತು. ಇಲ್ಲಿ ಬರೆಯುವಾಗ ಸುಳ್ಳು ಬರೆಯಬಾರದು.

ಸೆಪ್ಟೆಂಬರ್ 27, ಶನಿವಾರ

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಮಳೆ. ಟಿವಿ ಇಲ್ಲ, ಇವರ ಮೊಬೈಲ್ ಸತ್ತಿತ್ತು. ಮತ್ತೆ ಅದೇ ಪ್ರಶ್ನೆ. ಎಂತ ಕಥೆ?

ಈ ಸಲ ಹೇಳಿದೆ. ಪೋರ್ಚುಗೀಸಿನಿಂದ ಬಂದ ಕಾದಂಬರಿ. ಒಂದು ದ್ವೀಪದಲ್ಲಿ ಗಾಳಿ, ಮಳೆ ಅಳೆದು ದಡಕ್ಕೆ ವರದಿ ಕಳಿಸುವ ಒಬ್ಬ ಮನುಷ್ಯ. ದಡದ ಕಚೇರಿಯನ್ನು ಎಂದೋ ಮುಚ್ಚಿದ್ದಾರೆ. ಅವನಿಗೆ ಯಾರೂ ಹೇಳಿಲ್ಲ. ಅವನು ಅಳೆಯುತ್ತಲೇ ಇದ್ದಾನೆ.

"ನಮ್ಮ ಕಂಪನಿಯ ಹಾಗೆ," ಅಂದರು ಇವರು. ಮತ್ತೆ, "ಅವನಿಗೆ ಅಡುಗೆ ಯಾರು ಮಾಡುವುದು?"

"ಪುಸ್ತಕದಲ್ಲಿ ಅದಿಲ್ಲ."

"ಅದು ಹೇಗೆ ಇಲ್ಲದೆ ಇರ್ತದೆ ಮಾರಾಯ್ತಿ? ಒಬ್ಬನೇ ಗಂಡಸು, ದ್ವೀಪ. ಮೊದಲು ಬರುವುದೇ ಆ ಪ್ರಶ್ನೆ."

ಇವರಿಗೆ ಸಮಾಧಾನವಾಗಲೆಂದು ಮೊದಲಿನಿಂದ ಹಾಳೆ ತಿರುಗಿಸಿದೆ. ಎರಡು ಕಡೆ ಬ್ರೆಡ್ ಇದೆ. ಒಂದು ಕಡೆ ಒಣಮೀನು. ಬೇಯಿಸಿದ್ದು ಎಲ್ಲಿಯೂ ಇಲ್ಲ. ಇನ್ನೂರು ಪುಟ ಓದಿದ ಮೇಲೂ ನನಗೆ ಇದು ಕಂಡಿರಲಿಲ್ಲ.

ಹೇಳುವಾಗ ಬ್ಯಾರಿ ಭಾಷೆಯಲ್ಲಿ ಹೇಳಿದೆ, ನಾವು ಮನೆಯಲ್ಲಿ ಮಾತಾಡುವುದು ಅದನ್ನೇ ತಾನೆ. ಕನ್ನಡದಲ್ಲಿ ಅರ್ಧ ಪುಟ ಹಿಡಿದ ಒಂದು ವಾಕ್ಯ ಬ್ಯಾರಿಯಲ್ಲಿ ಮೂರು ತುಂಡಾಯಿತು. ಮೂರೂ ನಿಂತವು. ಇದನ್ನು ಲೇಖನದಲ್ಲಿ ಬರೆಯಬಹುದು.

ಅಕ್ಟೋಬರ್ 5, ಭಾನುವಾರ

ಬೆಂಗ್ರೆಗೆ ಹೋಗಿದ್ದೆ. ವಿಜೇತಾಳ ತವರು ಅಲ್ಲಿ. ಅವಳ ದೊಡ್ಡಪ್ಪ ಗಿರಿಯಪ್ಪ ಬಲೆ ರಿಪೇರಿ ಮಾಡುವಾಗ ನಡೆಯುವ ಒಂದು ತಮಾಷೆಯನ್ನು ನಾನು ನೋಡಲೇಬೇಕೆಂದು ಅವಳು ಹಿಂದೆ ಬಿದ್ದಿದ್ದಳು. ಇವರೂ ಹೊರಟು ನಿಂತರು. ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

ಬಂದರಿನಿಂದ ಫೆರಿ. ಇವರು ರೇಲಿಂಗ್ ಹಿಡಿದು ನಿಂತಿದ್ದರು. ಇಷ್ಟು ವರ್ಷದಲ್ಲಿ ನಾವಿಬ್ಬರೇ ದೋಣಿ ಹತ್ತಿದ್ದು ಇದೇ ಮೊದಲು ಅಂದರು. ಇರಬಹುದು.

ಶೆಡ್ಡಿನ ನೆರಳಲ್ಲಿ ಐದಾರು ಜನ ಬಲೆ ಹೊಲಿಯುತ್ತಿದ್ದರು. ಮಧ್ಯೆ ಒಂದು ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಮೊಬೈಲ್. ಅದರಲ್ಲಿ ಹಳೆಯ ತಾಳಮದ್ದಳೆಯ ಧ್ವನಿಮುದ್ರಣ. ಪಾತ್ರಗಳ ಮಾತಾಡುವ ಇಬ್ಬರು ಅರ್ಥಧಾರಿಗಳು ವಾದಕ್ಕೆ ಬಿದ್ದಿದ್ದಾರೆ. ಬಲೆಯವರು ಸುಮ್ಮನೆ ಕೇಳುವುದಿಲ್ಲ. ಒಬ್ಬ ಅರ್ಥಧಾರಿ ಮಾತು ನಿಲ್ಲಿಸಿದ ಕೂಡಲೇ ಗಿರಿಯಪ್ಪ ಮೊಬೈಲ್ ನಿಲ್ಲಿಸಿ, ಎದುರಿನವನು ಕೊಡಬೇಕಾದ ಉತ್ತರವನ್ನು ತಾವೇ ಕೊಡುತ್ತಾರೆ. ಆಮೇಲೆ ಮೊಬೈಲ್ ಹಾಕಿ ನಿಜವಾದ ಉತ್ತರ ಕೇಳುತ್ತಾರೆ. ಯಾರದು ಮೇಲಾಯಿತೆಂದು ಉಳಿದವರ ತೀರ್ಪು.

"ದೊಡ್ಡಪ್ಪ ಸೋತದ್ದೇ ಹೆಚ್ಚು," ಅಂದಳು ವಿಜೇತಾ.

"ಸೋಲುವುದಲ್ಲ ಮಗಳೇ," ಅಂದರು ಗಿರಿಯಪ್ಪ, ದಾರ ಕಚ್ಚಿ ತುಂಡು ಮಾಡುತ್ತ. "ಅವನಿಗೆ ಎದುರು ಭಾಗವತ ಇದ್ದಾನೆ, ಮೈಕ್ ಉಂಟು. ನನಗೆ ಈ ಹರಿದ ಬಲೆ ಮಾತ್ರ."

ಇವರು ಅಲ್ಲೇ ಮರಳ ಮೇಲೆ ಕೂತು ಎರಡು ಸಲ ತೀರ್ಪು ಕೊಟ್ಟರು. ಒಮ್ಮೆ ಗಿರಿಯಪ್ಪರ ಪರ.

ಫೆರಿಯಲ್ಲಿ ವಾಪಸು ಬರುವಾಗ ಇವರು ಒಂದು ವಿಷಯ ಹೇಳಿದರು. ದಮ್ಮಾಮಿನ ರೂಮಿನಲ್ಲಿ ಎಂಟು ಜನ. ಎಲ್ಲರೂ ಒಂದೇ ಧಾರಾವಾಹಿ ನೋಡುವವರು, ಆದರೆ ಶಿಫ್ಟ್ ಬೇರೆ ಬೇರೆ. ಡ್ಯೂಟಿಗೆ ಹೋದವರು ಬಂದ ಮೇಲೆ ಅವರಿಗೆ ಆ ದಿನದ ಕಥೆ ಹೇಳುವ ಕೆಲಸ ಇವರದು. ನೇಪಾಳದವನಿಗೆ ಹಿಂದಿಯಲ್ಲಿ, ತಿರೂರಿನವನಿಗೆ ಮಲಯಾಳದಲ್ಲಿ. "ನೇಪಾಳದವನಿಗೆ ದುಃಖದ ಕಂತು ಇದ್ದರೆ ಸ್ವಲ್ಪ ಬದಲಿಸಿ ಹೇಳ್ತಿದ್ದೆ. ಅವನ ಮನೆಯಲ್ಲಿ ಮೊದಲೇ ತುಂಬ ತಾಪತ್ರಯ."

ಇದನ್ನು ನನಗೆ ಯಾಕೆ ಯಾವತ್ತೂ ಹೇಳಲಿಲ್ಲವೆಂದು ಕೇಳಿದೆ. "ಫೋನಿನಲ್ಲಿ ಇದೆಲ್ಲ ಹೇಳ್ತಾರಾ?" ಅಂದರು.

ಅಕ್ಟೋಬರ್ 11, ಶನಿವಾರ

ದ್ವೀಪದವನ ಕಥೆ ಅರ್ಧಕ್ಕೆ ಬಂದಿದೆ. ದಿನಾ ಸಂಜೆ ಅಸರ್ ನಮಾಜಿನ ನಂತರ ಒಂದು ಅಧ್ಯಾಯ. ಇವರು ಅವನನ್ನು "ನಮ್ಮವ" ಅನ್ನುತ್ತಾರೆ. "ನಮ್ಮವ ಇವತ್ತು ಎಂತ ಮಾಡಿದ?" ಬಸ್ಸಿನ ಬೋರ್ಡುಗಳನ್ನು ಓದುವುದು ಬಿಟ್ಟಿದ್ದಾರೆ. ಬಾಲ್ಕನಿಗೆ ಪ್ಲಾಸ್ಟಿಕ್ ಕುರ್ಚಿಯೊಂದು ಬಂದಿದೆ. ಬೆತ್ತದ್ದು ನನಗೆ ಬಿಟ್ಟುಕೊಟ್ಟರು.

ಹೇಳುವುದಕ್ಕಿರುವುದರಿಂದ ಮೊದಲೇ ನಿಧಾನ ಓದಬೇಕಾಗುತ್ತದೆ. ಹೀಗೆ ಓದಿದ್ದು ಕಾಲೇಜು ದಿನಗಳ ನಂತರ ಇಲ್ಲ.

ಅಕ್ಟೋಬರ್ 18, ಶನಿವಾರ

ಇವತ್ತು ಒಂದು ವಿಚಿತ್ರ ಮಾಡಿದೆ. ಎಂದಾದರೂ ಕಥೆಗೆ ಬರುತ್ತದೆಂದು ಬರೆದಿಡುತ್ತೇನೆ.

ಬೆಳಿಗ್ಗೆ ಮೀನು ಮಾರ್ಕೆಟ್ಟಿನಿಂದ ಒಣಸಿಗಡಿ ತಂದೆ. ಹುರಿದು, ಕಾಯಿ, ಮೆಣಸು, ಹುಣಸೆಹುಳಿ ಹಾಕಿ ಪುಡಿ ಮಾಡಿದೆ. ಅಂಜಲ್ ಮೀನಿನ ಉಪ್ಪಿನಕಾಯಿಯೂ ಆಯಿತು. ಬಾಟಲಿಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಟೇಪು ಸುತ್ತಿದೆ. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದು, ತಳಕ್ಕೆ ಹಳೆಯ ಟವೆಲ್ ಹಾಸಿ, ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟೆ. ನೈಲಾನ್ ಹಗ್ಗ ಬಿಗಿದು, ಮಾರ್ಕರ್ ತೆಗೆದು ಮೇಲೆ ಇವರ ಹೆಸರು, ಇಲ್ಯಾಸ್ ಎಂದು ಬರೆದೆ. ದಮ್ಮಾಮ್ ಎಂದು ಬರೆಯಲು ಹೋಗುವಾಗಲೇ ಕೈ ನಿಂತದ್ದು.

ಪ್ರತಿ ರಜೆಯಲ್ಲಿ ಏಳನೇ ವಾರಕ್ಕೆ ಈ ಕೆಲಸ ಸುರುವಾಗುತ್ತದೆ. ಏಳನೇ ವಾರ ಬಂತು, ಕೈ ತನ್ನಷ್ಟಕ್ಕೆ ಎದ್ದು ಹೋಗಿ ಮಾಡಿತು. ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ದ್ವೀಪದವನ ಮುಂದಿನ ಅಧ್ಯಾಯವನ್ನು ಬ್ಯಾರಿಗೆ ತರುವುದು ಹೇಗೆಂದು ಯೋಚಿಸುತ್ತಿದ್ದೆ.

ಇವರು ಅಡುಗೆಮನೆಯ ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಪೆಟ್ಟಿಗೆ ನೋಡಿದರು. ನೀರು ಕುಡಿದು, ಲೋಟವನ್ನು ತೊಳೆದಿಟ್ಟು ಹೋದರು.

ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿದೆ. ಬಿಚ್ಚಬೇಕಿತ್ತು. ಅಷ್ಟರಲ್ಲಿ ಅನ್ನ ಉಕ್ಕಿತು.

ಅಕ್ಟೋಬರ್ 24, ಶುಕ್ರವಾರ

ಇವರು ಕಥೆ ಕೇಳುತ್ತಿಲ್ಲ. ತಲೆನೋವು ಅನ್ನುತ್ತಾರೆ, ಆಶಿಕ್‌ನ ಚಪ್ಪಲಿ ಅಂಗಡಿಗೆ ಹೋಗುತ್ತೇನೆ ಅನ್ನುತ್ತಾರೆ. ನೀಲಿ ಹೂವಿನ ತಟ್ಟೆಗಳನ್ನು ತಾವೇ ಒರೆಸಿ ಶೋಕೇಸಿನೊಳಗೆ ಇಟ್ಟರು.

ನನಗೆ ಬೇಕಾದ ಮೌನ ಸಿಕ್ಕಿತು. ಮಧ್ಯಾಹ್ನವಿಡೀ ಓದಿದೆ. ಜಪಾನೀ ಕಾದಂಬರಿ, ಬಟ್ಟೆಗೆ ಬಣ್ಣ ಹಾಕುವವರ ಕುಟುಂಬ. ತಲೆಗೆ ಹತ್ತಲಿಲ್ಲ. ಅನುವಾದ ಒರಟಾಗಿರಬೇಕು.

ಅಕ್ಟೋಬರ್ 26, ಭಾನುವಾರ

ಅದೇ ಪುಸ್ತಕವನ್ನು ಮತ್ತೆ ನೋಡಿದೆ. ಅನುವಾದ ಚೆನ್ನಾಗಿಯೇ ಇದೆ.

ನವೆಂಬರ್ 2, ಭಾನುವಾರ

ಖಾಲಿದಾಕ ಬಂದಿದ್ದರು, ಸಿಹಿ ಕಟ್ಟಿಸಿಕೊಂಡು. ಅವರೂ ರಜೆಯಲ್ಲಿ ಊರಿಗೆ ಬಂದವರು.

"ನಿನಗೆ ಥ್ಯಾಂಕ್ಸ್ ಹೇಳ್ಬೇಕು ಹಸ್ನಾ, ನೀನೇ ಒಪ್ಪಿಸಿದ್ದಲ್ವಾ. ಇವನು ಯೋಚಿಸ್ತೇನೆ ಯೋಚಿಸ್ತೇನೆ ಅಂತ ಒಂದು ತಿಂಗಳು ಸತಾಯಿಸಿದ. ಹೋದ ವಾರ ಅವನೇ ಫೋನ್ ಮಾಡಿ ಆಯ್ತು ಅಂದ. ವೀಸಾದ ಕಾಗದ ಎಲ್ಲ ಹಾಕಿ ಆಯ್ತು. ಡಿಸೆಂಬರ್ ಹನ್ನೆರಡಕ್ಕೆ ಇಬ್ಬರೂ ಒಟ್ಟಿಗೆ ಹಾರುವುದು."

ಚಹಾ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ. ಖಾಲಿದಾಕ ಹೇಳದೆ ಕುಡಿದರು.

ಅವರು ಹೋದ ಮೇಲೆ ಇವರನ್ನು ಕೇಳಿದೆ, ನನಗೆ ಯಾಕೆ ಹೇಳಲಿಲ್ಲ.

"ನಿನಗೆ ಗೊತ್ತುಂಟು ಅಂತ ಇದ್ದೆ. ನೀನು ಪೆಟ್ಟಿಗೆ ಕಟ್ಟಿದ್ದಿಯಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಮತ್ತೂ ಹೇಳಿದರು: "ತಪ್ಪು ತಿಳಿಯಬೇಡ. ನಾನೂ ನೋಡ್ತಾ ಇದ್ದೆ. ಮೊದಲ ದಿನಗಳಲ್ಲಿ ನೀನು ಓದಲಿಕ್ಕೆ ಜಾಗ ಇಲ್ಲದೆ ಕೋಣೆಯಿಂದ ಕೋಣೆಗೆ ಹೋಗುವುದು. ನಿನ್ನ ಮನೆ ಇದು. ನಾನು ಬರುವವನು, ಹೋಗುವವನು."

ಅದು ಕೈಯ ಅಭ್ಯಾಸ ಮಾತ್ರ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಗಂಡಸರು ಹೊರಡುವ ವಿಷಯಕ್ಕೆ ಹೆಂಗಸರು ಮಾತು ಸೇರಿಸುವುದಿಲ್ಲ. ಹೆತ್ತ ಉಮ್ಮ ಹೇಳಲಿಲ್ಲ, ಅತ್ತೆ ಹೇಳಲಿಲ್ಲ. ಹೊರಟವರ ಮನಸ್ಸು ದಾರಿಯಲ್ಲಿ ಭಾರವಾಗಬಾರದು. ಬಾಗಿಲವರೆಗೆ ಬಂದು ಸಲಾಂ ಹೇಳಿ, ಒಳಗೆ ಬಂದು ಹಾಸಿಗೆ ಮಡಿಸುವುದು. ನಾನು ಇದನ್ನು ಎಷ್ಟೋ ಸಲ ಮಾಡಿದ್ದೇನೆ. ಚೆನ್ನಾಗಿಯೇ ಮಾಡುತ್ತೇನೆ.

ನವೆಂಬರ್ 9, ಭಾನುವಾರ

ಲೇಖನ ಸುರುಮಾಡಿದೆ. ದ್ವೀಪದ ಕಾದಂಬರಿ, ಅದರಲ್ಲಿಲ್ಲದ ಅಡುಗೆ. ಉದ್ದ ವಾಕ್ಯವೊಂದು ಬ್ಯಾರಿಯಲ್ಲಿ ಮೂರು ತುಂಡಾಗಿ ನಿಂತದ್ದು. ಬೆಂಗ್ರೆಯ ಬಲೆಯವರು. ಎಂಟು ಜನರ ರೂಮಿನಲ್ಲಿ ಎರಡು ಭಾಷೆಯಲ್ಲಿ ಕಥೆ ಹೇಳುವ ಒಬ್ಬ ಮನುಷ್ಯ. ಜನವರಿಯಿಂದ ಆಗಸ್ಟಿನವರೆಗೆ ಓದಿದ್ದರಲ್ಲಿ ಬರೆಯುವಂಥದ್ದು ಬಹಳ ಇದೆಯೆಂದು ಅಂದುಕೊಂಡಿದ್ದೆ. ಟಿಪ್ಪಣಿಗಳನ್ನು ತೆಗೆದು ನೋಡಿದರೆ ಎಲ್ಲ ಸರಿಯಾಗಿಯೇ ಇವೆ, ಆದರೆ ಯಾವುದೂ ಲೇಖನದೊಳಗೆ ಬರಲು ಒಪ್ಪುತ್ತಿಲ್ಲ.

ಸಂಜೆ ಉಪ್ಪಳದಿಂದ ನಜ್ಲಾ ಫೋನ್ ಮಾಡಿದಳು.

"ಉಮ್ಮ, ಉಪ್ಪ ಪುನಃ ಹೋಗ್ತಾರಂತೆ?"

"ಹೌದು."

"ನೀನು ಎಂತ ಹೇಳಿದ್ದಿ?"

"ನಾನು ಎಂತ ಹೇಳಲಿಕ್ಕೆ ಉಂಟು."

"ನಿನ್ನ ಕಥೆಗಳಲ್ಲಿ ಹೆಂಗಸರು ಎಷ್ಟು ಚೆಂದ ಮಾತಾಡ್ತಾರೆ ಉಮ್ಮ," ಅಂದಳು. "ಅವರನ್ನು ಎಲ್ಲಿಂದ ತಂದದ್ದು ನೀನು?"

ದೊಡ್ಡ ಮಾತು. ಅವಳಿಗೆ ಇಪ್ಪತ್ತೆರಡು ವರ್ಷ.

ನವೆಂಬರ್ 16, ಭಾನುವಾರ

ಕೆಳಗಿನ ಮನೆಯ ವಿಲ್ಲಿ ಅವರು ಕೊಂಕಣಿ ನಾಟಕದ ಎರಡು ಟಿಕೆಟ್ ಕೊಟ್ಟಿದ್ದರು. ಅವರದು ಅದರಲ್ಲಿ ಪ್ರಾಂಪ್ಟರ್ ಕೆಲಸ, ಪರದೆಯ ಪಕ್ಕದಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುವುದು. ಇವರಿಗೆ ಚಿಕ್ಕಂದಿನ ನೆರೆಹೊರೆಯಿಂದ ಕೊಂಕಣಿ ಬರುತ್ತದೆ, ನನಗೆ ಅರ್ಧಂಬರ್ಧ. ಹೋಗುವುದೋ ಬೇಡವೋ ಅಂದುಕೊಳ್ಳುತ್ತಲೇ ಹೋದೆವು.

ನಮ್ಮದು ಮುಂದಿನ ಸಾಲಿನ ಬದಿಯ ಸೀಟು. ಪ್ರತಿ ಮಾತೂ ಎರಡು ಸಲ ಕೇಳುತ್ತಿತ್ತು. ಮೊದಲು ವಿಲ್ಲಿಯವರ ಪಿಸುಮಾತು, ಒಣಗಿದ್ದು, ಭಾವವಿಲ್ಲದ್ದು. ಆಮೇಲೆ ಅದೇ ಮಾತು ನಟನ ಬಾಯಲ್ಲಿ ಅಳುವಾಗಿ, ಬೈಗುಳವಾಗಿ. ಅನುವಾದವೊಂದು ಕಣ್ಣೆದುರೇ ಆಗುವುದನ್ನು ನೋಡಿದ ಹಾಗಿತ್ತು. ನನಗೆ ತಿಳಿಯದ್ದನ್ನು ಇವರು ಕಿವಿಯ ಹತ್ತಿರ ಬಂದು ಬ್ಯಾರಿಯಲ್ಲಿ ಹೇಳುತ್ತಿದ್ದರು. ಹಾಗಾಗಿ ಮೂರು ಸಲ.

ಮುಗಿದ ಮೇಲೆ ವಿಲ್ಲಿಯವರನ್ನು ಕೇಳಿದೆ, ನಟನಿಗೆ ಮಾತು ಅಷ್ಟೂ ಮರೆತುಹೋಗುತ್ತದೆಯೇ ಎಂದು.

"ಮರೆಯುವುದಾ? ಅವನಿಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಇಪ್ಪತ್ತು ಪ್ರಯೋಗ ಆಯ್ತು. ಆದರೆ ಬದಿಯಿಂದ ನಾನು ಹೇಳದೆ ಅವನು ಬಾಯಿ ತೆರೆಯುವುದಿಲ್ಲ ಬಾಯಮ್ಮ. ಅಭ್ಯಾಸ."

ಮೆಡಿಕಲ್ ಟೆಸ್ಟಿಗೆ ಬುಧವಾರ ಹೋಗಬೇಕೆಂದು ಇವರು ರಿಕ್ಷಾದಲ್ಲಿ ಹೇಳಿದರು.

ನವೆಂಬರ್ 19, ಬುಧವಾರ

ಟೆಸ್ಟ್ ಆಯಿತು. ಎಲ್ಲ ಸರಿಯಿದೆಯಂತೆ. ಏನಾದರೂ ಸರಿಯಿರದಿದ್ದರೆ ಎಂದು ಒಂದು ಕ್ಷಣ ಯೋಚಿಸಿದೆ, ನಾಚಿಕೆಯಾಯಿತು.

ನವೆಂಬರ್ 27, ಗುರುವಾರ

ಲೇಖನ ಮೊನ್ನೆ ಕಳಿಸಿದ್ದೆ. ವಿಜೇತಾಳ ಫೋನ್.

"ಚೆಂದ ಉಂಟು ಹಸ್ನಕ್ಕ. ನೀವು ಇಷ್ಟು ಬಿಚ್ಚಿ ಬರೆದದ್ದು ನಾನು ನೋಡಿಲ್ಲ. ಒಂದೇ ಒಂದು ಪ್ರಶ್ನೆ. ಓದಿದ್ದಕ್ಕಿಂತ ಹೇಳಿದ್ದು, ಕೇಳಿದ್ದು ಜಾಸ್ತಿ ಉಂಟು. 'ಕಥೆ ಹೇಳುತ್ತಿದ್ದಾಗ' ಅಂತ ಬರೀತೀರಿ, 'ಪಕ್ಕದವರು ಕಿವಿಯಲ್ಲಿ ಹೇಳಿದರು' ಅಂತ ಬರೀತೀರಿ. ಯಾರು ಅಂತ ಎಲ್ಲಿಯೂ ಇಲ್ಲ. ಓದುವವರಿಗೆ ಯಾರಪ್ಪ ಇದು ಅನ್ನಿಸ್ತದೆ."

"ಅದು ಅಷ್ಟು ಮುಖ್ಯವಾ?"

"ನನಗೆ ಅದೊಂದೇ ಮುಖ್ಯ ಕಂಡಿತು," ಅಂದಳು. ಆಮೇಲೆ, ಕೋಪ ಮಾಡಿಕೊಂಡೆನೇನೋ ಎಂದು, "ನೀವು ಹೇಗೆ ಹೇಳ್ತೀರೋ ಹಾಗೆ," ಅಂದಳು.

ತಿದ್ದಲು ಕೂತೆ. ಪಕ್ಕದವರನ್ನು ತೆಗೆದು ನೋಡಿದೆ. ಬೆಂಗ್ರೆ ಒಂದು ಟಿಪ್ಪಣಿಯಾಯಿತು, ನಾಟಕ ಇನ್ನೊಂದು ಟಿಪ್ಪಣಿ. ಮತ್ತೆ ಸೇರಿಸಿದೆ. ಹೆಸರು ಹಾಕಲು ಆಗಲಿಲ್ಲ. ಹನ್ನೆರಡನೇ ತಾರೀಕಿಗೆ ಹೊರಡುವವರ ಹೆಸರನ್ನು ವರ್ಷಾಂತ್ಯಕ್ಕೆ ಬರುವ ಸಂಚಿಕೆಯಲ್ಲಿ ಅಚ್ಚು ಹಾಕಿಸಿ ಏನು ಮಾಡುವುದು.

ಡಿಸೆಂಬರ್ 3, ಬುಧವಾರ

ಸಂಜೆ ಇಲ್ಯಾಸ್ ತಾನಾಗಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. "ನಮ್ಮವನ ಕಥೆ ಬಾಕಿ ಉಂಟಲ್ಲ. ಹೋಗುವ ಮೊದಲು ಮುಗಿಸು. ಅಲ್ಲಿ ಹೋಗಿ ಅದೇ ತಲೆಯಲ್ಲಿ ಇರುವುದು ಬೇಡ."

ಉಳಿದದ್ದು ಕೊನೆಯ ಅಧ್ಯಾಯ. ಹೇಳಿದೆ. ದಡದಿಂದ ಒಂದು ದೋಣಿ ಬರುತ್ತದೆ. ಕಚೇರಿ ಮುಚ್ಚಿದ ಸುದ್ದಿ ಅವನಿಗೆ ಸಿಗುತ್ತದೆ. ದೋಣಿಯವನು ಕಾಯುತ್ತಾನೆ, ಸಂಜೆಯವರೆಗೆ ಮಾತ್ರ.

"ಹತ್ತುತ್ತಾನಾ?"

"ಹೋಗಬೇಡಿ," ಅಂದೆ.

"ಅವನಿಗೆ ಹಾಗೆ ಹೇಳುವವರು ಯಾರು? ಅಲ್ಲಿ ಬೇರೆ ಯಾರೂ ಇಲ್ಲ ಅಲ್ವಾ."

"ನಿಮಗೆ ಹೇಳಿದ್ದು."

ಇಲ್ಯಾಸ್ ರಸ್ತೆ ನೋಡುತ್ತಿದ್ದರು. ಕೆಳಗೆ ಬಸ್ಸೊಂದು ಒಳಗೆ ತಿರುಗಲಾಗದೆ ಹಾರ್ನ್ ಹಾಕುತ್ತಿತ್ತು. ಅದು ಒಳಗೆ ಹೋದ ಮೇಲೆ ಕೇಳಿದರು.

"ಪೆಟ್ಟಿಗೆ?"

"ಅದು ಕೈ ಕಟ್ಟಿದ್ದು. ನಾನಲ್ಲ. ರಜೆ ಮುಗಿಯುವಾಗ ಕಟ್ಟಿ ಕಟ್ಟಿ ಅಭ್ಯಾಸ."

"ಅದನ್ನು ಆವತ್ತೇ ಹೇಳ್ಬಾರದಿತ್ತಾ."

"ಹೇಳಿ ಅಭ್ಯಾಸ ಇಲ್ಲ."

ಇಲ್ಯಾಸ್ ಹೇಳಿದರು, ಖಾಲಿದನಿಗೆ ಮಾತು ಕೊಟ್ಟಾಗಿದೆ, ವೀಸಾ ಬಂದಿದೆ, ಟಿಕೆಟ್ ಆಗಿದೆ. ಸಣ್ಣಂದಿನಿಂದ ಅವನ ಎದುರು ಒಂದು ಮಾತು ತಪ್ಪಿದವನಲ್ಲ. ಈಗ ಯಾವ ಮುಖದಲ್ಲಿ ಹೋಗಿ ಇಲ್ಲ ಅನ್ನುವುದು. ಇಲ್ಲಿ ಇದ್ದು ಮಾಡುವುದಾದರೂ ಏನು, ಆಶಿಕ್‌ನ ಅಂಗಡಿಯಲ್ಲಿ ಕೂತು ಚಪ್ಪಲಿ ತೋರಿಸುವುದಾ.

"ತೋರಿಸಿ," ಅಂದೆ. "ನನ್ನ ಕೆಲಸವೂ ಉಂಟಲ್ಲ. ಖಾಲಿದಾಕನಿಗೆ ನಾನು ಹೇಳ್ತೇನೆ. ಶುಕ್ರವಾರ ಹೋಗುವ."

"ನೀನಾ?"

ಹೌದು ಅಂದೆ. ಅಡುಗೆಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟೆ.

ಡಿಸೆಂಬರ್ 5, ಶುಕ್ರವಾರ

ಜುಮಾ ನಮಾಜು ಮುಗಿಸಿ ಇಲ್ಯಾಸ್ ಬಂದ ಮೇಲೆ ಶಕ್ತಿನಗರಕ್ಕೆ ಹೊರಟೆವು. ಬಸ್ಸಿನಲ್ಲಿ ನಾನು ಹೇಳಬೇಕಾದ್ದನ್ನು ನಾಲ್ಕು ವಾಕ್ಯ ಮಾಡಿಕೊಂಡೆ. ಮೂರನೆಯದು ಉದ್ದವಾಗಿತ್ತು, ತೆಗೆದೆ.

ಖಾಲಿದಾಕನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಸೂಟ್‌ಕೇಸ್ ತೆರೆದಿದ್ದವು. ಅವರ ಹೆಂಡತಿ ಝೈನಬ್ ನೆಲದಲ್ಲಿ ಕೂತು ಅಂಗಿಗಳನ್ನು ಸುರುಳಿ ಸುತ್ತುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿ ಎದ್ದಳು. ಅವಳೂ ನಾನೂ ಒಂದೇ ವರ್ಷ ಮದುವೆಯಾದವರು. ಮದುವೆಗಳಲ್ಲಿ, ಸತ್ತವರ ಮನೆಯ ಮಯ್ಯತ್ತುಗಳಲ್ಲಿ ಸಿಗುತ್ತೇವೆ, ಅಷ್ಟೇ ಪರಿಚಯ.

"ಏನಪ್ಪ, ನಿನ್ನದು ಇನ್ನೂ ಪ್ಯಾಕಿಂಗ್ ಆಗಿಲ್ವಾ?" ಅಂದರು ಖಾಲಿದಾಕ.

ಇಲ್ಯಾಸ್ ಬಾಯಿ ತೆರೆದರು. ನನ್ನ ಕಡೆ ನೋಡಿದರು. ನಾನು ಸೋಫಾದ ಬದಿಯಲ್ಲಿ ನಿಂತೇ ಇದ್ದೆ.

"ಇವರು ಬರುವುದಿಲ್ಲ ಖಾಲಿದಾಕ. ನಾನು ಹೋಗಬೇಡಿ ಅಂದೆ. ನಿಮಗೆ ತೊಂದರೆ ಆಯ್ತು, ಅದು ಇವರ ತಪ್ಪಲ್ಲ."

ಸಿದ್ಧಮಾಡಿದ ಮೂರೂ ಮುಗಿದವು. ಫ್ಯಾನಿನ ಗಾಳಿಗೆ ಸೂಟ್‌ಕೇಸಿನ ಮುಚ್ಚಳದ ಟ್ಯಾಗ್ ಅಲುಗುತ್ತಿತ್ತು.

ಖಾಲಿದಾಕ ನನ್ನನ್ನು ನೋಡಲಿಲ್ಲ, ಇಲ್ಯಾಸ್‌ರನ್ನು ನೋಡಿದರು. "ನೀನು ಹೇಳು. ಇದು ನಿನ್ನ ಮಾತಾ, ಇವಳ ಮಾತಾ?"

"ಇವಳದ್ದು," ಅಂದರು ಇಲ್ಯಾಸ್. "ನಾನು ಕೇಳ್ಬೇಕು ಅಂತ ಇದ್ದ ಮಾತು."

"ಹೆಂಡತಿ ಹೇಳಿದಳು ಅಂತ ಹಡಗಿನಿಂದ ಇಳಿಯುವವನು ನೀನೊಬ್ಬನೇ ಮಾರಾಯ. ಅಲ್ಲಿ ನಾನು ನಿನ್ನ ಹೆಸರು ಹೇಳಿ ಇಬ್ಬರನ್ನು ಬೇಡ ಅಂದಿದ್ದೇನೆ. ನಾಳೆ ಗೋಡೌನ್ ಬೀಗ ಯಾರ ಕೈಗೆ ಕೊಡುವುದು?"

ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಇಲ್ಯಾಸ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ನಲವತ್ತು ವರ್ಷದ ಗೆಳೆತನ ಇವತ್ತು ಎಷ್ಟು ಉಳಿಯಿತೆಂದು ನನಗೆ ಗೊತ್ತಿಲ್ಲ.

ಆದರೆ ಬರೆಯಬೇಕೆಂದು ಕೂತದ್ದು ಇದಕ್ಕಲ್ಲ.

ಗಂಡಸರ ಮಾತು ನಡೆಯುತ್ತಿರುವಾಗ ಝೈನಬ್ ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಒಲೆಯ ಮೇಲೆ ಚಹಾ ಇಟ್ಟಿದ್ದಳು. ಕಟ್ಟೆಯ ಮೇಲೆ ಒಣಸಿಗಡಿಯ ಬಾಟಲಿಗಳು, ಬಾಯಿಗೆ ಟೇಪು ಸುತ್ತಿದವು, ಸಾಲಾಗಿ. ಬೈಯುತ್ತಾಳೆಂದು ಅಂದುಕೊಂಡೆ.

"ನೀನು ನಿಜವಾಗಿ ಹೇಳಿದ್ದಾ?" ಅಂದಳು.

"ಹೌದು."

"ಎಂತ ಹೇಳಿದ್ದು? ಸರಿಯಾಗಿ ಹೇಳು. ಮೊದಲು ಎಂತ ಅಂದದ್ದು?"

"ಹೋಗಬೇಡಿ ಅಂದೆ."

"ಅಷ್ಟೇಯಾ?"

"ಅಷ್ಟೇ."

"ಮತ್ತೆ ಅವರು?"

"ಮೊದಲು ಅರ್ಥ ಆಗಲಿಲ್ಲ. ನಿಮಗೇ ಹೇಳಿದ್ದು ಅಂದೆ."

ಝೈನಬ್ ಆ ಎರಡು ಮಾತನ್ನು ತುಟಿಯಲ್ಲೇ ಒಮ್ಮೆ ಆಡಿ ನೋಡಿದಳು. ಸ್ವರ ಬರಲಿಲ್ಲ. ಚಹಾ ಉಕ್ಕಿ ಬಂತು, ಅವಳು ಕೈ ಚಾಚಲಿಲ್ಲ, ಒಲೆ ನಾನೇ ಆರಿಸಿದೆ. ಮುಂದಿನ ಕೋಣೆಯಿಂದ ಖಾಲಿದಾಕ ಚಹಾ ಎಲ್ಲಿ ಎಂದು ಕೂಗಿದರು. ಅವಳು ತರ್ತೇನೆ ಎಂದು ಹೇಳಿ ಅಲ್ಲೇ ನಿಂತಿದ್ದಳು.